ನಾಲ್ಕು ಅಜ್ಜಿ ಕೂರೋ ಬೆಂಚು

ಕೇಳಿ ಇಲ್ಲಿ. ನೀವು ಇಲ್ಲೀವರೆಗೂ ನೋಡಿರೋ ಹೀರೋಗಳೆಲ್ಲ ಏನು ಮಾಡಿದಾರೆ? ಇಪ್ಪತ್ತು ಜನ ರೌಡಿಗಳನ್ನ ಹೊಡೆದಿದಾರೆ. ಅದೂ ಡೂಪ್ ಹಾಕ್ಕೊಂಡು. ನಾನು ಈಗ ಹೇಳೋ ಹೀರೋ ಡೂಪಿಲ್ಲದೆ, ಹಗ್ಗ ಇಲ್ಲದೆ, ಮಟಮಟ ಮಧ್ಯಾಹ್ನ, ನಾಲ್ಕು ಅಜ್ಜಿ ಕೂರೋವಷ್ಟು ಉದ್ದದ ಬೆಂಚನ್ನ ಒಬ್ಬನೇ ಹೆಗಲ ಮೇಲೆ ಹೊತ್ಕೊಂಡು ದೊಡ್ಡ ರಸ್ತೆ ದಾಟಿದ. ದಾಟಿ ಒಂದು ಸರ್ಕಾರಿ ಶಿಶುವಿಹಾರ ಉಳಿಸಿದ. ನಿಮ್ಮ ಕೈಲಿ ಆಗುತ್ತಾ? ಆಗಲ್ಲ. ಸುಮ್ನೆ ಕೂತ್ಕೊಂಡು ಕೇಳಿ.

ಹೀರೋಗೆ ವಯಸ್ಸು ಇಪ್ಪತ್ನಾಲ್ಕು. ಬಸ್ ಡಿಪೋ ಹಿಂದಿರೋ ಶಿಶುವಿಹಾರದಲ್ಲಿ ದಾಖಲಾತಿ ಗುಮಾಸ್ತ. ಅಂದ್ರೆ ಮೂರು ವರ್ಷ ತುಂಬಿದ ಮಕ್ಕಳನ್ನ ಹಿಡಿದು ರಿಜಿಸ್ಟರಿಗೆ ಹತ್ತಿಸೋ ಕೆಲಸ. ಒಂದೊಂದು ಮಗೂಗೆ ಒಂದೊಂದು ಫಾರಂ. ಹುಟ್ಟಿದ ತಾರೀಕು, ಮನೆಮಾತು, ಅಪ್ಪ-ಅಮ್ಮನ ಕೆಲಸ, ಮನೇಲಿ ಎಷ್ಟು ಜನ, ಮನೆಯಿಂದ ಶಾಲೆಗೆ ಎಷ್ಟು ದೂರ, ಮಗೂನ ದಿನಾ ಕರ್ಕೊಂಡು ಬರೋರು ಯಾರು, ಎಲ್ಲ ತುಂಬಬೇಕು. ಬಾಯಿ ತೆಗೆದ್ರೆ ಮಾತ್ರ ಸಿನಿಮಾ. ಪೆನ್ಸಿಲ್ ಕೊಡು ಅಂದ್ರೆ "ಕೊಡ್ತೀನಿ, ಆದ್ರೆ ಒಂದ್ಸಲ ಕೊಟ್ರೆ ವಾಪಸ್ ಕೇಳೋ ವಂಶ ನಮ್ದಲ್ಲ" ಅಂತಾನೆ. ಅದಕ್ಕೇ ಮಕ್ಕಳ ಬಾಯಲ್ಲಿ ಡೈಲಾಗ್ ಮಾಮ. ಅಲ್ಲಿರೋ ಒಬ್ಬರೇ ಒಬ್ಬರು ಟೀಚರಮ್ಮನ ಬಾಯಲ್ಲಿ ಬರೀ ಡೈಲಾಗು.

ಹೀರೋ ಅಂದ್ಮೇಲೆ ವಿಲನ್ ಬೇಕಲ್ಲ? ಇದ್ದ. ದೊಡ್ಡಮ್ಮನ ಮಗ. ಹೀರೋಗಿಂತ ಮೂರು ದಿನ ದೊಡ್ಡವನು. ಮೂರು ವರ್ಷ ಅಲ್ಲ, ಮೂರು ತಿಂಗಳೂ ಅಲ್ಲ, ಮೂರೇ ಮೂರು ದಿನ. ಆ ಮೂರು ದಿನದ ದೆಸೆಯಿಂದ ಹೀರೋ ಮಾತು ಕಲಿತಾಗಿಂದ ಅವನನ್ನ ಅಣ್ಣ ಅಂತಾನೇ ಕರೀಬೇಕಾಗಿದೆ. ಮೊದಲು ಹಲ್ಲು ಬಂದಿದ್ದು ಅವನಿಗೆ. ಮೊದಲು ಹಲ್ಲು ಬಿದ್ದಿದ್ದೂ ಅವನಿಗೇ. ಮನೆಗೆ ಸೈಕಲ್ ಬಂದ್ರೆ ಅವನು ಓಡಿಸಿ ಚೈನು ಕಳಚಿದ ಮೇಲೆ ಇವನ ಕೈಗೆ. ಇಬ್ಬರೂ ಒಂದೇ ಪರೀಕ್ಷೆ ಬರೆದ್ರು, ಒಂದೇ ಥರದ ಕೆಲಸ ಸಿಕ್ತು, ಕೆಲಸದ ಆರ್ಡರ್ ಅವನಿಗೆ ಮೂರು ದಿನ ಮೊದಲು ಬಂತು. ಆಣೆ ಮಾಡಿ ಹೇಳ್ತೀನಿ, ಮೂರೇ ದಿನ! ಹೀರೋ ಅವನಿಗೆ ಇಟ್ಟಿದ್ದ ಹೆಸರು ಫಸ್ಟಣ್ಣ.

ಫಸ್ಟಣ್ಣ ದೊಡ್ಡ ರಸ್ತೆ ಆಚೆ, ವಾಟರ್ ಟ್ಯಾಂಕ್ ಪಕ್ಕದ ಶಿಶುವಿಹಾರದಲ್ಲಿ ಗುಮಾಸ್ತ. ಅವನ ರಿಜಿಸ್ಟರಲ್ಲಿ ನಲವತ್ಮೂರು ಮಕ್ಕಳು. ಹೀರೋ ರಿಜಿಸ್ಟರಲ್ಲಿ ಹತ್ತೊಂಬತ್ತು.

ಈ ಲೆಕ್ಕ ನಮ್ಮಮ್ಮಂಗೆ, ಅಲ್ಲಲ್ಲ, ಹೀರೋ ಅಮ್ಮಂಗೆ ಬಾಯಿಪಾಠ.

"ಅವನ ಹತ್ರ ನಲವತ್ಮೂರಂತೆ. ನಿಂದೆಷ್ಟೋ?"

"ಅಮ್ಮ, ಕ್ವಾಲಿಟಿ ಮುಖ್ಯ. ಕ್ವಾಂಟಿಟಿ ಅಲ್ಲ."

"ಹಂಗಾ? ಹಂಗಾದ್ರೆ ತಟ್ಟೆ ಇತ್ಲಾಗೆ ತಳ್ಳು. ಇವತ್ತು ಅಡುಗೆ ಕ್ವಾಲಿಟಿಯಾಗಿದೆ, ಎರಡು ತುತ್ತು ಸಾಕು ನಿಂಗೆ."

ಸೋಮವಾರ ಬೆಳಿಗ್ಗೆ ಕಾಗದ ಬಂತು. ಟೀಚರಮ್ಮ ಕನ್ನಡಕ ಏರಿಸ್ಕೊಂಡು ಓದಿದ್ರು. ಶುಕ್ರವಾರ ಎಣಿಕೆ. ಇಪ್ಪತ್ತಕ್ಕಿಂತ ಒಂದು ಮಗು ಕಡಿಮೆ ಇದ್ರೂ ಶಿಶುವಿಹಾರಕ್ಕೆ ಬೀಗ. ಮಕ್ಕಳು, ಪುಟಾಣಿ ಕುರ್ಚಿ, ಕಾಲು ಕುಂಟೋ ಪ್ಲಾಸ್ಟಿಕ್ ಕುದುರೆ, ಎಲ್ಲ ವಾಟರ್ ಟ್ಯಾಂಕ್ ಶಾಲೆಗೆ. ಇಲ್ಲಿಯ ಗುಮಾಸ್ತ ಅಲ್ಲಿಯ ಗುಮಾಸ್ತನಿಗೆ ಸಹಾಯಕ.

"ಸಹಾಯಕ!" ಹೀರೋ ಎದೆ ಹಿಡ್ಕೊಂಡ. "ಅವನ ಕೈಕೆಳಗೆ! ಟೀಚರಮ್ಮ, ನನ್ನ ಹೆಣ ಬೇಕಾದ್ರೆ ಆ ರಸ್ತೆ ದಾಟಲಿ, ನಾನು ದಾಟಲ್ಲ!"

"ನಿನ್ನ ಹೆಣ ಹೆಂಗಾದ್ರೂ ದಾಟ್ಕೊಳ್ಳಲಿ. ಈ ಪುಟ್ಟವು ಹೆಂಗೆ ದಾಟ್ತವೆ ಹೇಳು? ಡಿಪೋ ಡ್ರೈವರ್ ಮಕ್ಕಳು, ಲಾಂಡ್ರಿ ಕೆಲಸದೋರ ಮಕ್ಕಳು. ಅಪ್ಪ-ಅಮ್ಮ ಶಿಫ್ಟಿಗೆ ಓಡೋ ಭರದಲ್ಲಿ ಪಾರ್ಸೆಲ್ ಥರ ಬಾಗಿಲಲ್ಲಿ ಇಳಿಸಿ ಹೋಗ್ತಾರೆ. ಅಷ್ಟು ದೂರ ಯಾರು ಹೋಗ್ತಾರೆ? ಅರ್ಧಕ್ಕರ್ಧ ಮನೇಲೇ ಉಳೀತವೆ. ನಿಂಗೆ ಅದು ಬಿಟ್ಟು ನಿಮ್ಮಣ್ಣನ ಚಿಂತೆ."

ಹೌದು, ಅವನಿಗೆ ಅಣ್ಣನ ಚಿಂತೇನೇ. ಸುಳ್ಳು ಯಾಕೆ ಹೇಳಲಿ.

ಗೋಡೆ ಮೇಲೆ ಬ್ಯಾಗು ತಗುಲಿ ಹಾಕೋಕೆ ಇಪ್ಪತ್ತು ಕೊಕ್ಕೆ ಇದ್ವು. ಮಕ್ಕಳಿಗೆ ಓದೋಕೆ ಬರಲ್ಲ ಅಂತ ಒಂದೊಂದು ಕೊಕ್ಕೆ ಮೇಲೂ ಒಂದೊಂದು ಚಿತ್ರ. ಆನೆ, ದೋಣಿ, ಮೀನು, ಗಡಿಯಾರ. ಹತ್ತೊಂಬತ್ತರಲ್ಲಿ ಬ್ಯಾಗು ನೇತಾಡ್ತಿತ್ತು. ಕೊನೇದು ಛತ್ರಿ. ಅದು ಮಾತ್ರ ಖಾಲಿ. ಸೋಮವಾರ ಪೂರ್ತಿ ಆ ಖಾಲಿ ಛತ್ರಿ ಹೀರೋನ ನೋಡಿ ಹಲ್ಲು ಕಿರೀತಾನೇ ಇತ್ತು.

ಮೊದಲ ಪ್ಲಾನು ಪೋಸ್ಟರ್. ತನ್ನದೇ ಫೋಟೋ, ಕೈಕಟ್ಟಿಕೊಂಡು ನಿಂತಿರೋದು. ಕೆಳಗೆ ಕೆಂಪು ಅಕ್ಷರದಲ್ಲಿ "ನಿಮ್ಮ ಮಗು. ನಮ್ಮ ಶಾಲೆ. ಇನ್ನು ಆಟ ಶುರು!" ನಾಲ್ಕು ಬೀದೀಲಿ ಅಂಟಿಸಿದ. ಸಂಜೆ ಹೊತ್ತಿಗೆ ಇಬ್ಬರು ಮನೆಗೇ ಬಂದು, ಎಲೆಕ್ಷನ್ನಿಗೆ ನಿಂತಿದೀಯಂತೆ, ಮೊದಲು ನಮ್ಮ ಬೀದಿ ಚರಂಡಿ ರಿಪೇರಿ ಮಾಡ್ಸು ಅಂತ ಬೈದು ಹೋದ್ರು.

ಮಂಗಳವಾರ ಖಾಲಿ ಫಾರಂ ಸಾಲ ಕೇಳೋ ನೆಪ ಮಾಡ್ಕೊಂಡು ಶತ್ರು ಕೋಟೆಗೇ ನುಗ್ಗಿದ.

"ಬಾರೋ," ಅಂದ ಫಸ್ಟಣ್ಣ. ಇಸ್ತ್ರಿ ಮಾಡಿದ ಶರ್ಟು. ಜೇಬಲ್ಲಿ ಎರಡು ಪೆನ್ನು, ಎರಡಕ್ಕೂ ಕ್ಯಾಪು ಇದೆ! "ಟೀ ಕುಡೀತೀಯಾ?"

"ಶತ್ರು ಮನೇಲಿ ನಾನು ತೊಟ್ಟು ನೀರೂ ಮುಟ್ಟಲ್ಲ."

"ಬಿಸ್ಕೆಟ್?"

"ಬಿಸ್ಕೆಟ್ ನೀರಲ್ವಲ್ಲ." ಎರಡು ತಗೊಂಡ.

ಫಾರಂ ತರೋಕೆ ಫಸ್ಟಣ್ಣ ಒಳಗೆ ಹೋದ. ಹೀರೋ ಗೋಡೆ ನೋಡಿದ. ನೋಡಿದ್ದೇ ತಡ, ಹೊಟ್ಟೇಲಿ ಬಿಸ್ಕೆಟ್ ಸುಟ್ಟು ಕರಕಲಾಯ್ತು. ಎಷ್ಟು ಚೊಕ್ಕವಾದ ಬೋರ್ಡು ಅಂತೀರಿ! ಒಂದು ಮಗೂಗೆ ಒಂದು ಚೌಕ. ನಲವತ್ಮೂರು ಚೌಕ, ಸ್ಕೇಲ್ ಇಟ್ಟು ಎಳೆದಿರೋದು. ಕರ್ಕೊಂಡು ಬರೋರು ಅಮ್ಮ ಆದ್ರೆ ಕೆಂಪು, ಅಪ್ಪ ಆದ್ರೆ ನೀಲಿ, ಅಜ್ಜಿ-ತಾತ ಆದ್ರೆ ಹಳದಿ. ಹೀರೋ ಎಣಿಸಿದ. ಇಪ್ಪತ್ತಾರು ಹಳದಿ. ಬೋರ್ಡಲ್ಲ ಅದು, ಅರಿಶಿನದ ಡಬ್ಬ ಚೆಲ್ಲಿದಂಗಿತ್ತು. ಹೀರೋ ಶಾಲೇಲಿ ಅಜ್ಜಿ ಜೊತೆ ಬರೋ ಮಕ್ಕಳು ಎರಡೇ ಎರಡು.

ಆಮೇಲೆ ಕೆಳಗಿನ ಸಾಲು ನೋಡಿದ. ಏಳು ಚೌಕದಲ್ಲಿ ವಿಳಾಸ ಡಿಪೋ ಹಿಂದಿನ ಬೀದಿ. ಅಂದ್ರೆ ಹೀರೋ ಏರಿಯಾ! ಮನೆಮನೆ ತಿರುಗಿ ಸರ್ವೆ ಮಾಡಿದವನು ಅವನು. ಅವನ ನಾಲ್ಕು ಬೀದೀಲಿ ಶಾಲೆ ವಯಸ್ಸಿನ ಮಕ್ಕಳು ಮೂವತ್ತೊಂದು ಅಂತ ಗೊತ್ತಿತ್ತು. ಹತ್ತೊಂಬತ್ತು ಇವನ ಹತ್ರ, ಐದು ಮನೇಲೇ, ಮುಂದಿನ ವರ್ಷ ಕಳಿಸ್ತೀವಿ ಅಂತ ಅಪ್ಪ-ಅಮ್ಮಂದಿರ ಹಠ. ಉಳಿದ ಏಳು ಎಲ್ಲಿ ಹೋದ್ವು ಅಂತ ತಲೆ ಕೆರ್ಕೊಂಡಿದ್ದ. ಇಲ್ಲಿದಾವೆ! ಏಳಕ್ಕೆ ಏಳೂ ಹಳದಿ.

"ಕಳ್ಳ," ಅಂತ ಹಲ್ಲು ಕಡಿದ. "ಸೈಕಲ್ ಕಿತ್ಕೊಂಡೆ, ಸುಮ್ನಿದ್ದೆ. ಈಗ ನನ್ನ ಮಕ್ಕಳ ಮೇಲೂ ಕಣ್ಣು ಹಾಕಿದೀಯಾ?"

ಆದ್ರೆ ಯಾಕೆ? ಸರ್ಕಾರ ಎರಡೂ ಶಾಲೆಗೆ ಕೊಟ್ಟಿರೋದು ಅದೇ ಬಣ್ಣದ ಬ್ಲಾಕು, ಅದೇ ಕುಂಟು ಕುದುರೆ. ಅಜ್ಜಿಯರಿಗೆ ಫಸ್ಟಣ್ಣ ಏನು ಮಂತ್ರ ಹಾಕಿದ?

ಹೊರಗೆ ಬಂದಾಗ ಕಣ್ಣಿಗೆ ಬಿತ್ತು. ಕಿಟಕಿ ಕೆಳಗೆ ಬೆಂಚು. ಯಾವುದೋ ಕಾಲದ ಆಸ್ಪತ್ರೆ ಬೆಂಚು, ಹಲಗೆ ಕೂತು ಕೂತು ನುಣ್ಣಗಾಗಿದೆ. ಒಂದು ಕಡೆ ಮರದ ಕಾಲು. ಇನ್ನೊಂದು ಕಡೆ ಕಾಲು ಯಾವಾಗಲೋ ಮುರಿದು, ದಪ್ಪ ಕಬ್ಬಿಣದ ಕಂಬಿ ಹಾಕಿ ಬೋಲ್ಟು ಬಿಗಿದಿದಾರೆ. ಅದರ ಮೇಲೆ ಸಾಲಾಗಿ ನಾಲ್ಕು ಅಜ್ಜಿ.

"ನನ್ನ ಸೊಸೆ ಹೊಸ ಕನ್ನಡಕ ತಂದಿದಾಳೆ," ಅಂತಿತ್ತು ಒಂದು.

"ನಿಂಗಾ?"

"ಅವಳಿಗೇ. ನನ್ನ ತಪ್ಪು ಇನ್ನೂ ದಪ್ಪಗೆ ಕಾಣಲಿ ಅಂತ."

ತುದೀಲಿ ಕೂತಿದ್ದೋರು ಬಟನ್ ಅಜ್ಜಿ. ಟೈಲರ್ ಅಂಗಡಿಗೆ ಬಟನ್ ಹಾಕಿ ಕೊಡೋರು, ಮಡಿಲಲ್ಲಿ ಯಾವಾಗಲೂ ಬಟನ್ ಡಬ್ಬಿ. ಮನೆ ಹೀರೋ ಶಾಲೆ ಹಿಂದಿನ ಬೀದೀಲೇ.

"ಅಜ್ಜಿ," ಅಂದ ಹೀರೋ, ಗಂಟಲು ಗದ್ಗದ ಮಾಡ್ಕೊಂಡು, "ನಮ್ಮ ಶಾಲೆ ನಿಮ್ಮನೆಯಿಂದ ನಾಲ್ಕು ಹೆಜ್ಜೆ. ಅದನ್ನ ಬಿಟ್ಟು ಇಷ್ಟು ದೂರ? ನಾವೇನು ದ್ರೋಹ ಮಾಡಿದ್ವಿ?"

"ಅಯ್ಯೋ, ನಾಟಕ ಸಾಕು ಮಾಡಪ್ಪ. ನನ್ನ ಮೊಮ್ಮಗಳು ಚೂಟಿ ಇದಾಳಲ್ಲ, ಮೊದಲ ಅರ್ಧ ಗಂಟೆ ಕಿಟಕೀಲಿ ನನ್ನ ತಲೆ ಕಾಣಬೇಕು. ಇಲ್ಲಾಂದ್ರೆ ಸೂರು ಹಾರಿಹೋಗೋ ಹಂಗೆ ಅಳ್ತಾಳೆ. ಇಲ್ಲಿ ಕೂತ್ಕೊಂಡು ಹತ್ತು ಶರ್ಟಿಗೆ ಬಟನ್ ಹಾಕ್ತೀನಿ, ಅವಳೂ ಸುಮ್ನಾಗ್ತಾಳೆ. ನಿಮ್ಮಲ್ಲಿ ಕಿಟಕಿ ಕೆಳಗೆ ಏನಿದೆ?"

"ಗೋಡೆ."

"ಗೋಡೆ ಮೇಲೆ ಕೂರೋಕೆ ನಾನೇನು ಹಲ್ಲೀನಾ?"

ಉಳಿದ ಮೂರೂ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕವು. ಹೀರೋ ಮುಖ ಕೆಂಪಾಯ್ತು. ಆದ್ರೆ ತಲೇಲಿ ಟ್ಯೂಬ್‌ಲೈಟ್ ಹತ್ತಿತು. ಮೂರು ತಿಂಗಳಿಂದ ಫಾರಂ ತುಂಬ್ತಾ ಇದಾನೆ, "ಕರ್ಕೊಂಡು ಬರೋರು" ಅನ್ನೋ ಕಾಲಂ ಸುಮ್ನೆ ಜಾಗ ತುಂಬೋಕೆ ಇದೆ ಅಂದ್ಕೊಂಡಿದ್ದ. ಮಗು ನೋಡಿದ, ಮಗು ತಾರೀಕು ನೋಡಿದ, ಮಗೂನ ಕೈ ಹಿಡಿದಿರೋ ಕೈ ನೋಡಿರಲಿಲ್ಲ. ಆ ಬೋರ್ಡು ಬರೆದವನು ನೋಡಿದ್ದ. ಅದಕ್ಕೇ ಇನ್ನೂ ಜಾಸ್ತಿ ಉರಿದುಹೋಯ್ತು.

ಬುಧವಾರ. ಮಟಮಟ ಮಧ್ಯಾಹ್ನ. ಟ್ಯಾಂಕ್ ಶಾಲೇಲಿ ಮಕ್ಕಳು ಚಾಪೆ ಮೇಲೆ ಮಲಗಿರೋ ಹೊತ್ತು. ಬೀದೀಲಿ ಒಂದು ನರಪಿಳ್ಳೆ ಇಲ್ಲ. ಹೀರೋ ಎಂಟ್ರಿ! ಬೆಂಚಿನ ಮುಂದೆ ನಿಂತ. ತೋಳು ಮಡಚಿದ. "ಇಷ್ಟು ದಿನ ನೀನು ಅಜ್ಜಿಯರನ್ನ ಹೊತ್ತೆ. ಇವತ್ತು ನಿನ್ನ ಹೊರೋಕೆ ನಾನು ಬಂದಿದೀನಿ!" ಅಂದ. ಒಂದೇ ಏಟಿಗೆ ಎತ್ತಿ ಹೆಗಲ ಮೇಲೆ ಇಟ್ಕೊಂಡ. ನೆಲ ನಡುಗಿತು. ದೊಡ್ಡ ರಸ್ತೇಲಿ ಕಾಲಿಟ್ಟ. ಈ ಕಡೆ ಬಸ್ಸು ಬ್ರೇಕು, ಆ ಕಡೆ ಲಾರಿ ಬ್ರೇಕು. ಸ್ಲೋ ಮೋಷನ್. ಗಾಳೀಲಿ ಕೂದಲು. ಒಬ್ಬ ಬಸ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಸೆಲ್ಯೂಟ್ ಹೊಡೆದ. ಒಂದು ಬೆವರ ಹನಿ ಬರಲಿಲ್ಲ. ಡಿಪೋ ಶಾಲೆ ಕಿಟಕಿ ಕೆಳಗೆ ಬೆಂಚು ಇಳಿಸಿ, ಧೂಳು ಒರೆಸಿ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ.

ಟೀಚರಮ್ಮ ಹೊರಗೆ ಬಂದು ಬೆಂಚು ನೋಡಿದ್ರು, ಅವನನ್ನ ನೋಡಿದ್ರು. "ಎಲ್ಲಿಂದ ಬಂತು ಇದು?"

"ಪ್ರಶ್ನೆ ಕೇಳಬೇಡಿ ಟೀಚರಮ್ಮ. ಉತ್ತರ ತಡ್ಕೊಳ್ಳೋ ಶಕ್ತಿ ಈ ಬಿಲ್ಡಿಂಗಿಗೆ ಇಲ್ಲ."

"ಬಿಲ್ಡಿಂಗ್ ಇರಲಿ, ನಿನ್ನ ಪ್ಯಾಂಟು ಹರಿದಿದೆ, ನೋಡ್ಕೋ."

ಸಂಜೆ ಬಟನ್ ಅಜ್ಜಿ ಮನೆ ಬಾಗಿಲು ಬಡಿದು ವಿಷಯ ಹೇಳಿದ. ಚೂಟಿ ಅಮ್ಮ ಲಾಂಡ್ರಿಯಿಂದ ಆಗಷ್ಟೇ ಬಂದಿದ್ಲು. ಒದ್ದೆ ಕೈ ಒರೆಸ್ಕೊಂಡು ಫಾರಂಗೆ ಸೈನ್ ಹಾಕಿದ್ಲು. ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರೋಕೆ ಹಳೇ ಶಾಲೆ ಗುಮಾಸ್ತನ ಬಿಡುಗಡೆ ಚೀಟಿ ಬೇಕು. ಅದೂ ಹೀರೋ ಜೇಬಲ್ಲೇ ಇತ್ತು. ಹೆಂಗೆ ಬಂತು ಅಂತೀರಾ? ಹೀರೋ ಜೇಬಲ್ಲಿ ಬೇಕಾದ್ದು ಬೇಕಾದ ಹೊತ್ತಿಗೆ ಇರುತ್ತೆ. ಸಿನಿಮಾ ನೋಡಿಲ್ವಾ ನೀವು?

ಗುರುವಾರ ಬೆಳಿಗ್ಗೆ ಅಜ್ಜಿ ಬಂದ್ರು. ಬೆಂಚಿನ ಮೇಲೆ ಕೂತು, ಮಂಡಿ ಚಾಚಿ, ಡಬ್ಬಿ ತೆಗೆದ್ರು. ಚೂಟಿ ಒಳಗೆ ಹೋಗಿ ಖಾಲಿ ಕೊಕ್ಕೆ ನೋಡಿ, "ಈ ಛತ್ರಿ ಯಾರ್ದು?" ಅಂದ್ಲು.

"ನಿಂದೇ ತಾಯಿ," ಅಂದ ಹೀರೋ.  ಚೂಟಿ ಬ್ಯಾಗು ತಗುಲಿ ಹಾಕಿ ಕಿಟಕಿ ನೋಡಿದ್ಲು. ಅಜ್ಜಿ ತಲೆ ಕಾಣ್ತು. ಬ್ಲಾಕು ಆಡೋಕೆ ಓಡಿದ್ಲು.

ಶುಕ್ರವಾರ ಎಣಿಕೆ ಮೇಡಂ ಬಂದ್ರು. ನಗು ಅಂದ್ರೆ ಏನು ಅಂತ ಫೈಲಲ್ಲಿ ಹುಡುಕೋ ಥರದ ಮುಖ. ಒಂದೊಂದು ತಲೆ ಮುಟ್ಟಿ ಎಣಿಸಿದ್ರು. ಹದಿನೇಳು. ಹದಿನೆಂಟು. ಹತ್ತೊಂಬತ್ತು. ಪೆನ್ನಿನ ಕ್ಯಾಪು ತೆಗೆದ್ರು.

"ಮೇಡಂ, ಇಪ್ಪತ್ತು," ಅಂದ ಹೀರೋ.

"ನನಗೆ ಎಣಿಸೋಕೆ ಬರುತ್ತೆ."

"ಎಣಿಸೋ ಕೈ ನಿಮ್ದಿರಬಹುದು ಮೇಡಂ, ಆದ್ರೆ ಆ ನಂಬರ್..." ಅಂತ ಶುರು ಮಾಡಿದ. ಮೇಡಂ ಕನ್ನಡಕದ ಮೇಲಿಂದ ನೋಡಿದ್ರು. ಹೀರೋ ಡೈಲಾಗು ಅಲ್ಲಿಗೇ ಬಿಟ್ಟು ಕೊಕ್ಕೆ ನೋಡಿದ. ಛತ್ರಿ ಮೇಲೆ ಬ್ಯಾಗಿದೆ, ಮಗು ಇಲ್ಲ! ಮೇಡಂ ಪೆನ್ನು ಕಾಗದಕ್ಕೆ ಒಂದು ಇಂಚು ದೂರ. ಹೀರೋ ಕಣ್ಣ ಮುಂದೆ ಫಸ್ಟಣ್ಣ ಕುರ್ಚೀಲಿ ಕೂತು, "ತಮ್ಮ, ಆ ಫೈಲು ತಗೊಂಬಾ" ಅಂತಿರೋ ಸೀನು ಪೂರ್ತಿ ಓಡಿಹೋಯ್ತು.

ಆಗ ಹೊರಗಿನಿಂದ ಅಜ್ಜಿ ಕೂಗಿದ್ರು, "ಇವಳನ್ನ ಯಾರಾದ್ರೂ ಒಳಗೆ ಕರ್ಕೊಳ್ರಪ್ಪ, ಬೆಂಚಿನ ಅಡಿ ಸೇರ್ಕೊಂಡು ಬಟನ್ ಆರಿಸ್ತಾ ಕೂತಿದಾಳೆ!"

ಚೂಟಿ ಕೈತುಂಬ ಬಟನ್ ಹಿಡ್ಕೊಂಡು ಬಂದು ನಿಂತ್ಲು. ಮೇಡಂ ಅವಳ ತಲೆ ಮುಟ್ಟಿದ್ರು. "ಇಪ್ಪತ್ತು." ಬರೆದ್ರು. ಸೈನ್ ಹಾಕಿದ್ರು. ಶಾಲೆ ಉಳೀತು. ಟೀಚರಮ್ಮ ಸೆರಗಿನಿಂದ ಕಣ್ಣು ಒರೆಸ್ಕೊಂಡು, "ಡೈಲಾಗು, ಪರವಾಗಿಲ್ವೋ ನೀನು" ಅಂದ್ರು. ಶುಭಂ!

ಏನು ಹಂಗೆ ನೋಡ್ತಿದೀರ? ನಂಬಿಕೆ ಬರ್ಲಿಲ್ವಾ?

ಆಯ್ತು. ಹೇಳ್ತೀನಿ. ಅಜ್ಜಿ ನಿಜ, ಚೂಟಿ ನಿಜ, ಮೇಡಂ ನಿಜ. ಆ ಬೆಂಚು ಹೊತ್ತ ಸೀನು ಸುಳ್ಳು. ನಂಗೆ ಹೆಂಗೆ ಗೊತ್ತು ಅಂದ್ರೆ, ಆ ಹೀರೋ ನಾನೇ. ಮೊದಲೇ ಗೊತ್ತಾಗಿತ್ತಾ? ಗೊತ್ತಾಗಿದ್ರೆ ಹೇಳಬಾರದಾ, ಇಷ್ಟೊತ್ತು ಅವನು ಇವನು ಅಂತ ಒದ್ದಾಡಿದೆ.

ಬುಧವಾರ ಮಧ್ಯಾಹ್ನ ಮರದ ಕಾಲಿನ ಕಡೆ ಎತ್ತಿದೆ. ಎದ್ದಿತು. ಹೆಗಲು ಕೊಟ್ಟೆ. ಕಬ್ಬಿಣದ ಕಡೆ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ನಾನು ಬೆಂಚಿನ ಕೆಳಗೆ ಅರ್ಧ ಬಗ್ಗಿ ಸಿಕ್ಕಾಕ್ಕೊಂಡೆ. ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ, ಪ್ಯಾಂಟು ಪರ್ ಅಂತು. ಆ ಹೊತ್ತಿಗೆ ಸರಿಯಾಗಿ ಟೀ ಲೋಟ ಹಿಡ್ಕೊಂಡು ಫಸ್ಟಣ್ಣ ಹೊರಗೆ ಬಂದ.

"ಏನೋ ಮಾಡ್ತಿದೀಯ?"

"ಬೆಂಚು... ಅಳತೆ ತಗೊಳ್ತಿದೀನಿ."

"ಹೆಗಲ ಮೇಲೆ ಇಟ್ಕೊಂಡಾ?" ಲೋಟ ಕಿಟಕಿ ಮೇಲಿಟ್ಟು ನನ್ನ ಬಿಡಿಸಿದ.  "ಬಟನ್ ಅಜ್ಜಿಗಾ?"

ನಾನು ಹರಿದ ಪ್ಯಾಂಟು ಕೈಯಲ್ಲಿ ಮುಚ್ಕೊಂಡು ತಲೆ ಆಡಿಸಿದೆ. 

ಅವನು ಒಳಗೆ ಹೋಗಿ ಬಿಡುಗಡೆ ಚೀಟಿ ಬರ್ಕೊಂಡು ಬಂದು ನನ್ನ ಜೇಬಿಗೆ ಇಟ್ಟ. "ಅವಳ ಮನೆ ನಿನ್ನ ಶಾಲೆಗೆ ನಾಲ್ಕು ಹೆಜ್ಜೆ ಅಂತ ನಂಗೂ ಗೊತ್ತು ಕಣೋ. ಆ ಚೌಕ ನೋಡಿದಾಗೆಲ್ಲ ಕದ್ದ ಮಾಲು ಇಟ್ಕೊಂಡಂಗೆ ಇರ್ತಿತ್ತು."

"ಮತ್ತೆ ಮೊದಲೇ ಕಳಿಸ್ಬೇಕಿತ್ತಲ್ಲ?"

"ನಲವತ್ಮೂರು ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಓಡಾಡ್ತಾಳೆ. ಒಂದು ಕಡಿಮೆ ಆದ್ರೂ ಕೇಳ್ತಾಳೆ. ಮೇಲಿಂದ ನೀನು ಬೇರೆ."

"ನಾನೇನು ಮಾಡಿದೆ?"

"ಹುಟ್ಟಿದೆ," ಅಂದ. ನಗಲಿಲ್ಲ. "ನಮ್ಮಮ್ಮ ನನ್ನೊಬ್ಬನ್ನೇ ನೋಡಿದ್ದು ಮೂರೇ ದಿನ ಕಣೋ. ನಾಲ್ಕನೇ ದಿನದಿಂದ ಇವತ್ತಿನವರೆಗೂ ನಿನ್ನ ಪುರಾಣಾನೇ. ತಂಗಿ ಮಗನ್ನ ನೋಡು, ಎಷ್ಟು ಚೆಂದ ಮಾತಾಡ್ತಾನೆ, ಮಕ್ಕಳು ಹೆಂಗೆ ಮೈಮೇಲೆ ಬೀಳ್ತವೆ, ನಿನ್ನ ಬಾಯಿಗೆ ಯಾರು ಹೊಲಿಗೆ ಹಾಕಿದ್ರು ಅಂತ. ನನ್ನ ನಲವತ್ಮೂರರಲ್ಲಿ ಒಂದಾದ್ರೂ ನನ್ನ ಮಾಮ ಅನ್ನಲ್ಲ. ಎಲ್ಲ 'ಸಾರ್' ಅಂತವೆ."

"ಈ ಬೆಂಚು ತಗೊಂಡೋದ್ರೆ ನಿನ್ನ ಅಜ್ಜಿಯರು?"

"ಸ್ಟೋರಲ್ಲಿ ಇನ್ನೊಂದಿದೆ."

ನೋಡಿ, ಅದೂ ಇದೆ ಅವನ ಹತ್ರ!

ಅವನು ನನ್ನ ಮೇಲೆ ಹೊಟ್ಟೆ ಉರ್ಕೊಂಡಿದ್ದ ಅಂತ ಗೊತ್ತಾದಾಗ ನಂಗೆ ಖುಷಿ ಆಗ್ಬೇಕಿತ್ತು. ಕುಣೀಬೇಕಿತ್ತು. ಆಗಲಿಲ್ಲ. ಯಾಕಂದ್ರೆ ನಾನು ಇಪ್ಪತ್ನಾಲ್ಕು ವರ್ಷ ಊರಿಗೆಲ್ಲ ಕೇಳೋ ಹಂಗೆ ಉರಿದೆ. ಅವನು ಸದ್ದಿಲ್ಲದೆ ಉರಿದು, ಬೋರ್ಡಿಗೆ ನೀಟಾಗಿ ಬಣ್ಣ ಹಚ್ಕೊಂಡು ಕೂತಿದ್ದ. ಹೊಟ್ಟೆಕಿಚ್ಚಲ್ಲೂ ನನಗಿಂತ ಮೂರು ದಿನ ಸೀನಿಯರ್.

ರಸ್ತೆ ದಾಟಿದ್ವಿ. ಯಾವ ಬಸ್ಸೂ ನಿಲ್ಲಲಿಲ್ಲ, ಸಿಗ್ನಲ್ ಕೆಂಪಾಗೋವರೆಗೂ ನಾವೇ ಕಾದ್ವಿ. ಸೆಲ್ಯೂಟ್ ಯಾರೂ ಹೊಡೀಲಿಲ್ಲ. ಒಬ್ಬ ಡ್ರೈವರ್ ಕಿಟಕಿಯಿಂದ ಬೈದ, ಅಷ್ಟೆ. ದಾರೀಲಿ ಮೂರು ಸಲ ಇಳಿಸಿ ಸುಧಾರಿಸ್ಕೊಂಡ್ವಿ, ಮೂರು ಸಲವೂ ಸುಸ್ತಾಗಿದ್ದು ನಂಗೇ. ಆದ್ರೂ ನಾನು ಹಿಡ್ಕೊಂಡಿದ್ದು ಮರದ ಕಾಲಿನ ಕಡೆ.

ಕಬ್ಬಿಣದ ಕಡೆ ಅವನು ಹಿಡ್ಕೊಂಡಿದ್ದ.